ದೆವ್ವಕ್ಕೆ ಎಷ್ಟು ಬೆಳಕು ಬೇಕು?

ಚಳಿಗಾಲದ ಒಂದು ಸಂಜೆ ನನ್ನ ಅಕ್ಕನ ಮಗ ಒಂದು ಫೋಟೋ ಕಳಿಸಿದ. ಆಳಂದದ ಹೊರಗೆ, ತೊಗರಿ ರಾಶಿ ಮುಗಿದ ಹೊಲದ ಬದುವಿನಲ್ಲಿ, ಹುಣಸೆ ಮರದ ಕೆಳಗೆ ತೆಗೆದದ್ದು. ಬಿಳಿ ಸೀರೆಯ ಹುಡುಗಿ, ಮುಖದ ಮೇಲೆ ಬಿಚ್ಚುಗೂದಲು, ಕಣ್ಣಿಗೆ ಬಿಳಿ ಲೆನ್ಸ್, ಬೆನ್ನ ಹಿಂದೆ ಹೊಗೆ, ಗಲ್ಲದ ಕೆಳಗಿನಿಂದ ಬೆಳಕು, ಇಡೀ ಚಿತ್ರಕ್ಕೆ ನೀಲಿ ಬಣ್ಣ. ಕೆಳಗೊಂದು ಸಾಲು: ‘ಮಾಮಾ, ಹ್ಯಾಂಗ ಬಂದದ ನೋಡ್ರಿ.’

ಅವನು ಮದುವೆ ಫೋಟೋ ತೆಗೆಯುವವನು. ಸೀಸನ್ ಇಲ್ಲದ ತಿಂಗಳುಗಳಲ್ಲಿ ತನಗಾಗಿ ಏನಾದರೂ ಮಾಡಬೇಕೆಂದು ಹಾರರ್ ಪೋರ್ಟ್ರೇಟುಗಳ ಒಂದು ಸರಣಿ ಹಾಕಿಕೊಂಡಿದ್ದ. ಚಿತ್ರ ಚೊಕ್ಕವಾಗಿತ್ತು. ಫೋಕಸ್ ಸರಿಯಿತ್ತು, ಹೊಗೆ ಹದವಾಗಿತ್ತು. ಆದರೆ ನನಗೆ ಹೆದರಿಕೆ ಆಗಲಿಲ್ಲ. ಹಾಗಂತ ಬರೆದೆ. ‘ಫೋನ್ ದೊಡ್ಡ ಸ್ಕ್ರೀನಿಂದು ತಗೋರಿ’ ಎಂದು ನಕ್ಕ.

ಆಮೇಲೆ ಆ ಚಿತ್ರದಲ್ಲಿದ್ದ ಹುಡುಗಿ ಸಿಕ್ಕಳು. ಪದವಿ ಓದುತ್ತಿರುವವಳು, ಕಾಲೇಜಿನ ನಾಟಕಗಳಲ್ಲಿ ಪಾತ್ರ ಮಾಡುತ್ತಾಳೆ. ಹೇಗಿತ್ತು ಅನುಭವ ಎಂದು ಕೇಳಿದೆ. ‘ಥಂಡಿ ಬಾಳ ಇತ್ರಿ ಸರ್. ಎಲ್ಲಾ ಹೇಳಿದ್ರು, ಕೂದ್ಲಾ ಹಿಂಗ ಬಿಡು, ಕುತ್ಗಿ ಹಂಗ ವಾಲ್ಸು ಅಂತ. ಆದ್ರ ನಾ ಯಾರ ದೆವ್ವ ಅಂತ ಮಾತ್ರ ಯಾರೂ ಹೇಳ್ಲೇ ಇಲ್ರಿ’ ಎಂದಳು.

ನಾಟಕದ ಹುಡುಗಿ ಕೇಳಬೇಕಾದ ಪ್ರಶ್ನೆಯೇ ಅದು. ನನ್ನ ಅಸಮಾಧಾನದ ಕಾರಣವನ್ನು ನನಗಿಂತ ಸರಿಯಾಗಿ ಅವಳೇ ಹೇಳಿಬಿಟ್ಟಿದ್ದಳು. ಆ ಚಿತ್ರದಲ್ಲಿ ದೆವ್ವದ ವೇಷವಿತ್ತು, ದೆವ್ವ ಇರಲಿಲ್ಲ. ಅದನ್ನು ಒಂದು ಪಠ್ಯದ ಹಾಗೆ ಓದಿದರೆ ಪ್ರತಿ ಪದವೂ ಬೇರೆ ಎಲ್ಲಿಂದಲೋ ಬಂದದ್ದೆಂದು ತಿಳಿಯುತ್ತದೆ. ಕಡ ತಂದದ್ದಕ್ಕೆ ನನ್ನ ತಕರಾರಿಲ್ಲ, ಕನ್ನಡ ಸಾಹಿತ್ಯವೂ ಕಡ ತಂದೇ ಬೆಳೆದದ್ದು. ತಂದದ್ದು ಈ ನೆಲದಲ್ಲಿ ಏನನ್ನು ಹೇಳುತ್ತದೆ, ಏನನ್ನು ಮುಚ್ಚುತ್ತದೆ ಎಂದು ಮಾತ್ರ ಕೇಳಬೇಕು.

ಮೊದಲು ನೀಲಿ. ಬೆಳದಿಂಗಳು ನೀಲಿಯಲ್ಲ. ಅದು ಸೂರ್ಯನದೇ ಬೆಳಕು, ಚಂದ್ರನ ಮೇಲೆ ಬಿದ್ದು ಬಂದದ್ದು, ಬಿಸಿಲಿಗಿಂತ ಒಂದು ಕೂದಲೆಳೆ ಕೆಂಪು ಬೇಕಾದರೆ ಅನ್ನಬಹುದು. ಮಂದ ಬೆಳಕಿನಲ್ಲಿ ನಮ್ಮ ಕಣ್ಣಿಗೆ ಕೆಂಪು ಮೊದಲು ಕಪ್ಪಾಗಿ, ನೀಲಿ ಕೊನೆಯತನಕ ಉಳಿಯುತ್ತದೆ. ಇದನ್ನು ಗುರುತಿಸಿದ ಪುರ್ಕಿಂಜೆ ಎಂಬ ವಿಜ್ಞಾನಿಯ ಹೆಸರಿನಿಂದಲೇ ಆ ಗುಣವನ್ನು ಕರೆಯುತ್ತಾರೆ. ಸಿನಿಮಾ ಈ ಗುಣಕ್ಕೆ ಬಣ್ಣ ಬಳಿದು ರೂಢಿ ಮಾಡಿತು. ಮುರ್ನಾವ್ 1922ರ ‘ನೊಸ್ಫೆರಾಟು’ ಚಿತ್ರವನ್ನು ತೆಗೆದಾಗ ಹೊರಾಂಗಣದ ರಾತ್ರಿಗಳನ್ನು ಹಗಲಿನಲ್ಲೇ ಚಿತ್ರಿಸಿ, ಪ್ರಿಂಟಿಗೆ ನೀಲಿ ಛಾಯೆ ಕೊಟ್ಟರು. ಆಗಿನ ಫಿಲ್ಮಿಗೆ ಕತ್ತಲೆಯಲ್ಲಿ ನೋಡುವ ಶಕ್ತಿ ಇರಲಿಲ್ಲ, ಬೇರೆ ದಾರಿಯೂ ಇರಲಿಲ್ಲ. ಒಂದು ಕಾಲದ ಅನಿವಾರ್ಯ ಇವತ್ತು ಫೋನಿನ ಫಿಲ್ಟರ್ ಆಗಿ ಆಳಂದದ ಬದುವಿಗೆ ಬಂದಿದೆ.

ಎರಡನೆಯದು ಕೆಳಗಿನ ಬೆಳಕು. ಸೂರ್ಯ ತಲೆಯ ಮೇಲಿರುವ ಲೋಕದಲ್ಲಿ ಮುಖಗಳನ್ನು ಓದಲು ಕಲಿತವರು ನಾವು. ಹುಬ್ಬಿನ ನೆರಳು ಕಣ್ಣಿನ ಮೇಲೆ, ಮೂಗಿನ ನೆರಳು ತುಟಿಯ ಮೇಲೆ ಬೀಳಬೇಕು. ಅದು ತಿರುಗಿ ಮೇಲಕ್ಕೆ ಹೋದರೆ ಪರಿಚಯದ ಮುಖವೂ ಪರಕೀಯವಾಗುತ್ತದೆ. ಹಾರರ್ ಸಿನಿಮಾದವರು ಈ ಉಪಾಯವನ್ನು ಬಿಟ್ಟವರಲ್ಲ. ಆದರೆ ನಮ್ಮ ಮನೆಗಳಲ್ಲಿ ಕೆಳಗಿನಿಂದ ಬರುವ ಬೆಳಕಿಗೆ ಇನ್ನೊಂದು ನೆನಪಿದೆ. ಒಲೆಯ ಮುಂದೆ ರೊಟ್ಟಿ ಬಡಿಯುವ ತಾಯಿಯ ಮುಖ, ಕರೆಂಟ್ ಹೋದ ರಾತ್ರಿ ಚಿಮಣಿಯ ಸುತ್ತ ಕೂತವರ ಮುಖಗಳು, ಎಲ್ಲವೂ ಕೆಳಗಿನಿಂದಲೇ ಬೆಳಗಿದ್ದವು. ಅಲ್ಲಿ ಯಾರೂ ಹೆದರಲಿಲ್ಲ, ಯಾಕೆಂದರೆ ಬೆಳಕು ಎಲ್ಲಿಂದ ಬರುತ್ತಿದೆ ಎಂದು ಎಲ್ಲರಿಗೂ ಗೊತ್ತಿತ್ತು.

ಕನ್ನಡದ ಎರಡು ಕೃತಿಗಳು ಈ ನೆನಪನ್ನು ಬಹಳ ಚೆನ್ನಾಗಿ ಬಲ್ಲವು. ಗಿರೀಶ ಕಾರ್ನಾಡರ ‘ನಾಗಮಂಡಲ’ ತೆರೆಯುವುದು ಒಂದು ಹಾಳು ದೇವಾಲಯದಲ್ಲಿ, ರಾತ್ರಿ ಹೊತ್ತು. ಯಾವ ಹಾರರ್ ಫೋಟೋಗ್ರಾಫರನೂ ಆಸೆಪಡುವ ಲೊಕೇಶನ್. ಅಲ್ಲಿಗೆ ಬರುವುದು ಊರಿನ ಮನೆಮನೆಯ ದೀಪದ ಜ್ವಾಲೆಗಳು, ತಂತಮ್ಮ ಮನೆಯ ಸುದ್ದಿ ಹೇಳಿಕೊಳ್ಳಲು. ದೇವನೂರ ಮಹಾದೇವರ ‘ಕುಸುಮಬಾಲೆ’ಯಲ್ಲೂ ಜೋತಮ್ಮಗಳು ರಾತ್ರಿ ಸೇರಿ ಮಾತಾಡುತ್ತಾರೆ. ಎರಡರಲ್ಲೂ ಇರುಳಿನ ಬೆಳಕು ಹೆದರಿಸುವ ಸಾಧನವಾಗಿಲ್ಲ, ಅದು ಮನೆಯೊಳಗೆ ಆಗಿದ್ದನ್ನು ಕಂಡ ಸಾಕ್ಷಿ. ಹುಣಸೆ ಮರದ ಕೆಳಗೆ ಹುಲ್ಲಿನಲ್ಲಿ ಅಡಗಿಸಿಟ್ಟ ಎಲ್‌ಇಡಿ ಏನನ್ನೂ ಕಂಡಿರಲಿಲ್ಲ.

ಮೂರನೆಯದು ಬಿಳಿ ಸೀರೆ. 1964ರ ‘ವೋ ಕೌನ್ ಥೀ’ ಚಿತ್ರದಲ್ಲಿ ಮಳೆಯ ರಾತ್ರಿ ಬಿಳಿ ಸೀರೆಯಲ್ಲಿ ನಿಂತ ಸಾಧನಾ ಅವರನ್ನು ನೋಡದವರೂ ಆ ಸೀರೆಯನ್ನು ಬಲ್ಲರು. ಕಪ್ಪು-ಬಿಳುಪು ಚಿತ್ರದಲ್ಲಿ ಕತ್ತಲೆಯಿಂದ ದೇಹವನ್ನು ಬೇರ್ಪಡಿಸಲು ಬಿಳಿಗೆ ಕೆಲಸವಿತ್ತು. ಬಣ್ಣದ ಚಿತ್ರದಲ್ಲಿ, ತೊಗರಿ ಹೊಲದಲ್ಲಿ, ಅದಕ್ಕೆ ‘ನಾನು ದೆವ್ವ’ ಎಂದು ಚೀಟಿ ಅಂಟಿಸಿಕೊಳ್ಳುವುದಕ್ಕಿಂತ ಹೆಚ್ಚಿನ ಕೆಲಸ ಉಳಿದಿಲ್ಲ. ಹೊಗೆಯ ಬಗ್ಗೆ ಒಂದೇ ಮಾತು. ಒಣಗಿದ ತೊಗರಿ ಕಟ್ಟಿಗೆಯ ಪಕ್ಕದಲ್ಲಿ ಕಿಡಿ ಕಾರುವ ಹೊಗೆ ಡಬ್ಬಿ ಹಚ್ಚುವವನು ಮೊದಲು ಆ ಹೊಲದ ಒಡೆಯನಿಗೆ ಹೆದರಬೇಕು.

ಹಾಗಾದರೆ ಈ ಸೀಮೆಯ ಹೆದರಿಕೆ ಯಾವ ಬೆಳಕಿನಲ್ಲಿ ಇರುತ್ತದೆ?

ಆಳಂದ ಸೀಮೆಯ ನೀರು ಹೊತ್ತ ಅಮರ್ಜಾ ಹೊಳೆ ಅಫಜಲಪುರ ತಾಲೂಕಿನ ಗಾಣಗಾಪುರದ ಹತ್ತಿರ ಭೀಮೆಯನ್ನು ಸೇರುತ್ತದೆ. ಭೀಮೆ ಅಲ್ಲಿಂದ ಜೇವರ್ಗಿಯ ಕಡೆ ಇಳಿಯುತ್ತಾಳೆ. ಈ ಮೂರೂ ತಾಲೂಕುಗಳಲ್ಲಿ ಕಣ್ಣು ಹಾಯುವಷ್ಟು ದೂರ ಎರೆಭೂಮಿ. ಕಾಡಿಲ್ಲ, ಕಣಿವೆಯಿಲ್ಲ, ಮಂಜಿಲ್ಲ. ಅಡಗಿಕೊಳ್ಳಲು ಜಾಗವೇ ಇಲ್ಲದ ಬಯಲಿನಲ್ಲಿ ಅಡಗಿ ಕೂತ ದೆವ್ವದ ಕಲ್ಪನೆ ಅಷ್ಟು ಗಟ್ಟಿಯಾಗಿ ಕೂರುವುದಿಲ್ಲ. ಇಲ್ಲಿ ಅಮಾವಾಸ್ಯೆಗೂ ಬೇರೆ ಮುಖವಿದೆ. ಎಳ್ಳ ಅಮಾವಾಸ್ಯೆಗೆ ಇಡೀ ಮನೆ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗಿ, ಚರಗ ಚೆಲ್ಲಿ, ಬಿಸಿಲಲ್ಲಿ ಸಾಲಾಗಿ ಕೂತು ಉಣ್ಣುತ್ತದೆ.

ನಮ್ಮನ್ನು ಚಿಕ್ಕಂದಿನಲ್ಲಿ ಗದರಿಸಿದ್ದು ರಾತ್ರಿಯ ಬಗ್ಗೆ ಅಷ್ಟೇ ಅಲ್ಲ. ‘ಮಟಮಟ ಮಧ್ಯಾಹ್ನ ಬಾವಿ ಕಡೆ ಹೋಗ್ಬ್ಯಾಡ’, ‘ಹನ್ನೆಲ್ಡರ ಹೊತ್ತಿಗೆ ಹುಣಸಿ ಗಿಡದ ಬುಡಕ ನಿಂದ್ರಬ್ಯಾಡ’ ಎನ್ನುತ್ತಿದ್ದರು. ದನ ನೆರಳು ಹಿಡಿದು, ಮನುಷ್ಯರು ಬಾಗಿಲು ಮುಂದೆ ಮಾಡಿ, ಬೀದಿಯಲ್ಲಿ ನಾಯಿಯೂ ಇಲ್ಲದ ಹೊತ್ತು ಅದು. ಎಲ್ಲವೂ ಕಾಣುತ್ತಿರುತ್ತದೆ, ಯಾರೂ ಇರುವುದಿಲ್ಲ. ರಾತ್ರಿಯ ಹೆದರಿಕೆ ಕಾಣದ್ದರಿಂದ ಹುಟ್ಟಿದರೆ, ಮಧ್ಯಾಹ್ನದ ಹೆದರಿಕೆ ಎಲ್ಲವೂ ಕಾಣುತ್ತಿದ್ದೂ ಖಾಲಿಯಾಗಿರುವುದರಿಂದ ಹುಟ್ಟುತ್ತದೆ.

ಗಾಣಗಾಪುರದ ಹೊತ್ತೂ ಮಧ್ಯಾಹ್ನವೇ. ದತ್ತಾತ್ರೇಯ ಸ್ವತಃ ಭಿಕ್ಷೆಗೆ ಬರುತ್ತಾನೆಂಬ ನಂಬಿಕೆಯಲ್ಲಿ ಭಕ್ತರು ಮನೆಮನೆಗೆ ಮಾಧುಕರಿ ಬೇಡುವುದು ಆಗ. ನಿರ್ಗುಣ ಪಾದುಕೆಯ ಗುಡಿಯಲ್ಲಿ ಮಹಾಮಂಗಳಾರತಿಯೂ ಆಗಲೇ. ಆರತಿಯ ಗಂಟೆ ಏಳುತ್ತಿದ್ದಂತೆ, ಗಾಳಿ ಸೋಕಿದೆ ಎಂದು ಮನೆಯವರು ಕರೆತಂದವರು ಕೂಗಲು ಶುರುಮಾಡುತ್ತಾರೆ. ಕೆಲವರು ಸರಳು ಹಿಡಿದು ಜೋತು ಬೀಳುತ್ತಾರೆ, ಕಂಬ ಏರುತ್ತಾರೆ, ನೆಲಕ್ಕೆ ಉರುಳುತ್ತಾರೆ. ಸುತ್ತ ನಿಂತ ಜನ ಫೋನು ಎತ್ತುತ್ತಾರೆ.

ಆಳಂದದ ಚಿತ್ರದ ಭಂಗಿ ಎಲ್ಲಿಂದ ಬಂತೆಂದು ಸೋದರಳಿಯನನ್ನು ಕೇಳಿದ್ದೆ. ಇಂಥದೇ ವಿಡಿಯೋಗಳನ್ನು ನೋಡಿದ್ದೆ ಎಂದ. ಬಿಚ್ಚುಗೂದಲು, ವಾಲಿದ ಕುತ್ತಿಗೆ, ಮೇಲೆ ಸಿಕ್ಕಿದ ಕಣ್ಣು, ಯಾವುದನ್ನೂ ಅವನು ಕಲ್ಪಿಸಿರಲಿಲ್ಲ. ಅವು ಒಬ್ಬ ಹೆಣ್ಣುಮಗಳ ಸಂಕಟದ ಗುರುತುಗಳು. ವಿಮರ್ಶೆ ಬಿಗಿಯಾಗಬೇಕಾದದ್ದು ಇಲ್ಲಿ ಎಂದು ನನಗೆ ತೋರಿತು.

ಮಾನವಶಾಸ್ತ್ರಜ್ಞ ಐ. ಎಂ. ಲೂಯಿಸ್ ತಮ್ಮ 1971ರ ಪುಸ್ತಕದಲ್ಲಿ, ಅನೇಕ ಸಮಾಜಗಳಲ್ಲಿ ಮೈಮೇಲೆ ಬರುವುದು ಬೇರೆ ದಾರಿಯಿಲ್ಲದವರ, ಅದರಲ್ಲೂ ಹೆಂಗಸರ, ದೂರು ಹೇಳುವ ರೀತಿಯಾಗಿರುತ್ತದೆ ಎಂದು ವಾದಿಸಿದರು. ಎಲ್ಲ ಸಂದರ್ಭಕ್ಕೂ ಈ ವಾದ ಹೊಂದಲಾರದು. ಕೆಲವರಿಗೆ ಬೇಕಾದದ್ದು ಮನೋವೈದ್ಯರು. ಕೆಲವರಿಗೆ ನೆಮ್ಮದಿ ಸಿಗುವುದು ಆ ಗುಡಿಯಲ್ಲೇ. ಅದನ್ನು ತೀರ್ಮಾನಿಸಲು ನಾನು ಯಾರೂ ಅಲ್ಲ. ದೆವ್ವ ಬಿಡಿಸುವ ಹೆಸರಿನಲ್ಲಿ ಹೊಡೆದು ಬಡಿದು ಹಿಂಸಿಸುವುದನ್ನು ಕರ್ನಾಟಕದ 2017ರ ಕಾಯ್ದೆ ಅಪರಾಧವೆಂದಿದೆ. ಆದರೆ ಹಳ್ಳಿಯಲ್ಲಿ ಬೆಳೆದ ಯಾರಿಗೂ ಇದು ಗೊತ್ತು: ವರ್ಷಗಟ್ಟಲೆ ಅತ್ತೆಯ ಮುಂದೆ ಸೊಲ್ಲೆತ್ತದ ಸೊಸೆ, ಮೈಮೇಲೆ ಬಂದ ಹೊತ್ತಿನಲ್ಲಿ ಗಂಡನನ್ನು ಏಕವಚನದಲ್ಲಿ ಕರೆದು, ಯಾರು ಯಾವಾಗ ಏನು ಮಾಡಿದರೆಂದು ಒಂದೊಂದಾಗಿ ಹೇಳಿಬಿಡುತ್ತಾಳೆ. ಆ ಹೊತ್ತು ಮಾತ್ರ ಮನೆಯವರು ಕೈಕಟ್ಟಿ ಕೇಳುತ್ತಾರೆ. ಹಾರರ್ ಪೋರ್ಟ್ರೇಟು ಆಕೆಯ ಕೂದಲನ್ನು ತೆಗೆದುಕೊಳ್ಳುತ್ತದೆ, ಕುತ್ತಿಗೆಯನ್ನು ತೆಗೆದುಕೊಳ್ಳುತ್ತದೆ, ಮಾತನ್ನು ಅಲ್ಲೇ ಬಿಟ್ಟು ಬರುತ್ತದೆ. ‘ನಾ ಯಾರ ದೆವ್ವ’ ಎಂಬ ಪ್ರಶ್ನೆಗೆ ಉತ್ತರ ಇಲ್ಲದೆ ಹೋಗುವುದು ಹೀಗೆ.

ನಮ್ಮ ಜನಪ್ರಿಯ ಸಿನಿಮಾ ಕೆಲವು ಸಲ ಇದಕ್ಕಿಂತ ಚೆನ್ನಾಗಿ ಯೋಚಿಸಿದೆ. 1979ರ ‘ನಾ ನಿನ್ನ ಬಿಡಲಾರೆ’ಯಲ್ಲಿ ದೆವ್ವ ಹಿಡಿಯುವುದು ಒಬ್ಬ ಗಂಡಸಿಗೆ. ಅನಂತನಾಗ್ ಅವರ ಮುಖದ ಮೇಲೆ ಕಾಮಿನಿಯ ಹಟ ಬಂದು ಕೂರುವುದನ್ನು ನೋಡಿ ಹೆದರಿದ ಒಂದು ಪೀಳಿಗೆಯೇ ಇದೆ. ಆ ದೆವ್ವಕ್ಕೆ ಹೆಸರಿತ್ತು, ಬೇಡಿಕೆಯಿತ್ತು. 2004ರ ‘ಆಪ್ತಮಿತ್ರ’ದ ನಾಗವಲ್ಲಿಯ ಭಾವಚಿತ್ರವನ್ನು ನೆನೆಸಿಕೊಳ್ಳಿ. ಕನ್ನಡಿಗರಿಗೆ ಅತಿ ಪರಿಚಿತವಾದ ಭಯದ ಪೋರ್ಟ್ರೇಟು ಅದು. ಅದರಲ್ಲಿ ರಕ್ತವಿಲ್ಲ, ಹೊಗೆಯಿಲ್ಲ. ಒಡವೆ ತೊಟ್ಟ ನರ್ತಕಿಯೊಬ್ಬಳು ನೆಟ್ಟಗೆ ನೋಡುತ್ತಿದ್ದಾಳೆ, ಅಷ್ಟೆ. ಆಕೆಗೆ ಅನ್ಯಾಯವಾಗಿದೆ ಎಂಬ ಕತೆ ಗೊತ್ತಾದ ಮೇಲೆ ಆ ಶಾಂತ ನೋಟವನ್ನು ಎದುರಿಸುವುದು ಕಷ್ಟವಾಗುತ್ತದೆ.

ಛಾಯಾಗ್ರಹಣದ ಚರಿತ್ರೆಯ ಬಾಗಿಲಲ್ಲೇ ಇಂಥ ಒಂದು ಚಿತ್ರವಿದೆ. 1840ರಲ್ಲಿ ಇಪೊಲಿತ್ ಬಾಯಾರ್ ಎಂಬ ಫ್ರೆಂಚ್ ಪ್ರಯೋಗಶೀಲ, ತನ್ನನ್ನೇ ನೀರಿಗೆ ಬಿದ್ದು ಸತ್ತವನಂತೆ ಕೂರಿಸಿಕೊಂಡು ಫೋಟೋ ತೆಗೆದ. ಬರಿಮೈ, ಮುಚ್ಚಿದ ಕಣ್ಣು, ಒಂದು ಕಡೆ ವಾಲಿದ ದೇಹ. ದಾಗೇರ್‌ಗೆ ಸರ್ಕಾರ ಮನ್ನಣೆ ಕೊಟ್ಟು ತನ್ನ ಶೋಧವನ್ನು ಕಡೆಗಣಿಸಿತೆಂಬ ಸಿಟ್ಟು ಅವನದು. ಚಿತ್ರದಲ್ಲಿ ಅವನ ಕೈ, ಮುಖ ಮೈಗಿಂತ ಕಪ್ಪಾಗಿವೆ. ಬಿಸಿಲಿಗೆ ಸುಟ್ಟ ಚರ್ಮ ಅದು. ಹೆಣ ಕೊಳೆಯಲು ಶುರುವಾಗಿದೆ ಎಂದು ಅವನೇ ಚಿತ್ರದ ಬೆನ್ನ ಮೇಲೆ ಕೊಂಕು ಬರೆದ. ಅವನ ವಿಧಾನದಲ್ಲಿ ಒಂದು ಚಿತ್ರಕ್ಕೆ ಹಲವು ನಿಮಿಷ ಅಲುಗಾಡದೆ ಇರಬೇಕಿತ್ತು, ಅದಕ್ಕೆ ಬೇಕಾದದ್ದು ಹೇರಳ ಹಗಲು. ಮೊದಲ ಹಾರರ್ ಪೋರ್ಟ್ರೇಟು ಎಂದು ನಾನು ಕರೆಯುವ ಈ ಚಿತ್ರ ಹುಟ್ಟಿದ್ದು ಹಗಲ ಬೆಳಕಿನಲ್ಲಿ, ಒಂದು ದೂರಿನ ಅರ್ಜಿಯಾಗಿ.

ಈ ಮಾತುಗಳನ್ನೆಲ್ಲ ಸೋದರಳಿಯನ ಮುಂದೆ ಹೇಳಿದಾಗ ಅವನು, ‘ಹಂಗಾದ್ರ ತೆಗದು ತೋರಿಸೂಣ ನಡ್ರಿ’ ಎಂದ. ವಿಮರ್ಶಕನಿಗೆ ಇದಕ್ಕಿಂತ ದೊಡ್ಡ ಶಿಕ್ಷೆ ಇಲ್ಲ. ಹುಡುಗಿಯೂ ಒಪ್ಪಿದಳು. ಒಂದು ಷರತ್ತು ಹಾಕಿದಳು: ಯಾರ ದೆವ್ವ ಎಂಬುದನ್ನು ತಾನೇ ಹೇಳುವವಳು.

ಮೊದಲ ಪ್ರಯತ್ನ ಅಫಜಲಪುರ ತಾಲೂಕಿನಲ್ಲಿ, ಭೀಮಾ ದಂಡೆಯ ಒಂದು ಊರಲ್ಲಿ. ಸೋದರಳಿಯ ಒಂದು ಪಾಳುಮನೆ ಹುಡುಕಿದ್ದ. ಮಾಳಿಗೆ ಕುಸಿದಿತ್ತು, ಗೋಡೆಯ ಮೇಲೆ ಎದೆಯೆತ್ತರಕ್ಕೆ ಕೆಸರಿನ ಗೆರೆ, ಬಾಗಿಲ ಚೌಕಟ್ಟು ಮಾತ್ರ ನಿಂತಿತ್ತು. ಬೆಳಕೂ ಚೆನ್ನಾಗಿತ್ತು. ಸ್ಟ್ಯಾಂಡ್ ನಿಲ್ಲಿಸುತ್ತಿದ್ದಾಗ ಒಬ್ಬ ಮುತ್ಯಾ ಬಂದು ಕಟ್ಟೆಯ ಮೇಲೆ ಕೂತ. ಏನು ಮಾಡುತ್ತಿದ್ದೀರಿ ಎಂದು ಕೇಳಿದ, ಹೇಳಿದೆವು. ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಇಲ್ಲಿ ದೆವ್ವ ಇಲ್ಲಪ ತಮ್ಮಾ. ಮಂದಿ ಇದ್ರು. ಹೊಳಿ ಬಂತು, ಹೋದ್ರು’ ಎಂದ.

2020ರ ಅಕ್ಟೋಬರ್‌ನಲ್ಲಿ ಭೀಮೆ ಉಕ್ಕಿ ಅಫಜಲಪುರ, ಜೇವರ್ಗಿ ತಾಲೂಕುಗಳ ದಂಡೆಯ ಊರುಗಳಿಗೆ ನುಗ್ಗಿದ್ದನ್ನು ನಾವು ಮರೆತಿರಲಿಲ್ಲ. ಆ ಗೆರೆಯನ್ನು ನೋಡಿ ಅದನ್ನು ನೆನೆಯಲಿಲ್ಲ, ಅಷ್ಟೆ. ನಮಗೆ ಅದು ಟೆಕ್ಸ್ಚರ್ ಆಗಿ ಕಂಡಿತ್ತು. ಅಪ್ಪಣೆ ಕೇಳಬೇಕಾದ ಮನೆಯವರು ಆ ಊರಲ್ಲಿ ಇರಲಿಲ್ಲ. ಸ್ಟ್ಯಾಂಡ್ ಮಡಚಿದೆವು. ಹೊರಾಂಗಣದ ಚಿತ್ರಕ್ಕೆ ಯೋಜನೆ ಎಂದರೆ ಬ್ಯಾಟರಿ, ಹವಾಮಾನ, ಸೂರ್ಯ ಮುಳುಗುವ ಹೊತ್ತು ಎಂದು ಪಟ್ಟಿ ಮಾಡುತ್ತಾರೆ. ಈ ಜಾಗ ಯಾರದು, ಇಲ್ಲಿ ಏನಾಗಿತ್ತು ಎಂಬುದು ಆ ಪಟ್ಟಿಯ ಮೊದಲ ಸಾಲಾಗಬೇಕು.

ಅದೇ ಹುಣ್ಣಿಮೆಗೆ, ಪರಿಚಯದವರ ಹೊಲದಲ್ಲಿ, ಹುಡುಗಿಯ ಅಣ್ಣನೂ ಜೊತೆಗಿದ್ದಾಗ, ಬರೀ ಬೆಳದಿಂಗಳಲ್ಲಿ ಒಂದು ಪ್ರಯೋಗ ಮಾಡಿದೆವು. ಹುಣ್ಣಿಮೆಯ ಬೆಳಕು ನಡುಹಗಲಿನ ಬಿಸಿಲಿಗಿಂತ ಸುಮಾರು 4 ಲಕ್ಷ ಪಟ್ಟು ಮಂದ. ಬಿಸಿಲಿನಲ್ಲಿ ಐಎಸ್ಒ 100, ಎಫ್ 16 ಇಟ್ಟರೆ ಸೆಕೆಂಡಿನ ನೂರನೇ ಒಂದು ಭಾಗ ಸಾಕು. ಬೆಳದಿಂಗಳಿಗೆ ಐಎಸ್ಒ 1600, ಎಫ್ 2 ಇಟ್ಟರೂ 4 ಸೆಕೆಂಡ್ ಬೇಕಾಗುತ್ತದೆ. ಕ್ಯಾಮೆರಾ ಕಾಲುಗಳ ಮೇಲೆ ಭದ್ರವಾಗಿತ್ತು. ಹುಡುಗಿ ಎಷ್ಟೇ ಬಿಗಿಹಿಡಿದು ನಿಂತರೂ ಉಸಿರಾಡಲೇಬೇಕಲ್ಲ. ಭುಜ ಕರಗಿತು. ಎರಡು ಸಲ ರೆಪ್ಪೆ ಬಡಿದಳು, ಕಣ್ಣು ಮಸುಕಾಯಿತು. ಹಿಂದಿನ ಜೋಳದ ದಂಟು ಮಾತ್ರ ಚೂಪಾಗಿ ನಿಂತಿತ್ತು. ನೀಲಿ ಬಳಿಯದೆ ನೋಡಿದರೆ ಅದು ಹಗಲಿನಂತೆಯೇ ಕಾಣುವ ಚಿತ್ರ. ಆಕಾಶದಲ್ಲಿ ಚುಕ್ಕೆಗಳಿರುವ ಹಗಲು, ಅದರ ನಡುವೆ ಗಟ್ಟಿಯಾಗಿ ಇರಲಾರದ ಒಬ್ಬಳು.

ಸೋದರಳಿಯ ಅಲುಗಿದೆ ಎಂದು ಅಳಿಸಹೊರಟ, ನಾನು ತಡೆದೆ. ಆಳಂದದ ಚಿತ್ರಕ್ಕಿಂತ ಇದು ಎಷ್ಟೋ ಮೇಲು. ಇಲ್ಲಿಯ ವಿಚಿತ್ರವನ್ನು ಯಾರೂ ಮೇಲಿನಿಂದ ಹಚ್ಚಿಲ್ಲ, ಬೆಳಕಿನ ಬಡತನದಿಂದಲೇ ಬಂದಿದೆ. ಆದರೂ ಅವಳ ಪ್ರಶ್ನೆಗೆ ಇದು ಉತ್ತರವಲ್ಲ. ಆ ಬೆಳದಿಂಗಳಲ್ಲಿ ಯಾರು ನಿಂತರೂ ಹಾಗೇ ಕರಗುತ್ತಿದ್ದರು.

ಉತ್ತರ ತಂದವಳು ಅವಳೇ. ಅವಳ ಆಯಿ ಪ್ರಾಯದಲ್ಲಿ 1972ರ ಬರವನ್ನು ಕಂಡವಳು. ಬರಗಾಲದ ಕಾಮಗಾರಿಯಲ್ಲಿ ರಸ್ತೆಗೆ ಖಡಿ, ಗರಸು ಹೊತ್ತವಳು. ಸಾಲಿನಲ್ಲಿ ತನ್ನ ಮುಂದೆ ಹೋಗುತ್ತಿದ್ದ ಹೆಂಗಸೊಬ್ಬಳು ಮಧ್ಯಾಹ್ನದ ಹೊತ್ತು ಬುಟ್ಟಿ ಸಮೇತ ಕೂತವಳು ಏಳಲಿಲ್ಲವಂತೆ. ಬೇರೆ ಊರಿಂದ ಬಂದವಳು. ‘ಆಕಿ ಹೆಸ್ರು ಆಯಿಗೂ ಗೊತ್ತಿಲ್ರಿ. ನಾ ಆಕಿ ಆಗ್ತೀನಿ’ ಎಂದಳು ಹುಡುಗಿ.

ದೆವ್ವಕ್ಕೆ ನೆರಳಿಲ್ಲ ಎನ್ನುತ್ತಾರೆ. ಕರ್ಕಾಟಕ ಸಂಕ್ರಾಂತಿ ವೃತ್ತದ ಈಚೆಗಿರುವ ನಮ್ಮ ಊರುಗಳಲ್ಲಿ ವರ್ಷಕ್ಕೆ ಎರಡು ಸಲ ಮನುಷ್ಯರಿಗೂ ನೆರಳಿರುವುದಿಲ್ಲ. ಆಳಂದ, ಅಫಜಲಪುರ, ಜೇವರ್ಗಿ ಮೂರೂ ಸುಮಾರು 17 ಡಿಗ್ರಿ ಉತ್ತರ ಅಕ್ಷಾಂಶದ ಆಸುಪಾಸಿನವು. ಮೇ ಎರಡನೇ ವಾರದಲ್ಲೊಮ್ಮೆ, ಆಗಸ್ಟ್ ಮೊದಲ ವಾರದಲ್ಲೊಮ್ಮೆ ಸೂರ್ಯ ನೆತ್ತಿಯ ಮೇಲೆ ನೆಟ್ಟಗೆ ಬರುತ್ತಾನೆ. ಶೂನ್ಯ ನೆರಳಿನ ದಿನ ಎಂದು ಶಾಲೆಗಳಲ್ಲಿ ತೋರಿಸುವುದು ಇದನ್ನೇ. ಆಗಸ್ಟಿನಲ್ಲಿ ಮೋಡದ ಭಯ. ಮೇ ತಿಂಗಳಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ, ಆದರೆ ಆಕಾಶ ತಿಳಿ. ಮೇ ಎಂದು ಗೊತ್ತುಮಾಡಿದೆವು.

ಜಾಗ ಜೇವರ್ಗಿಯ ಕಡೆ ಒಂದು ಹೊಲದ ದಾರಿ, ಒಡೆಯರ ಒಪ್ಪಿಗೆ ಕೇಳಿ ಆರಿಸಿದ್ದು. ಎರೆಮಣ್ಣು ಬೇಡವೆಂದು ಹಿಂದಿನ ದಿನವೇ ತೀರ್ಮಾನಿಸಿದ್ದೆವು. ಕಪ್ಪು ಮಣ್ಣು ನೆರಳನ್ನೇ ನುಂಗಿಬಿಡುತ್ತದೆ, ನೆರಳಿಲ್ಲ ಎಂಬುದು ಕಾಣಬೇಕಾದರೆ ನೆಲ ತಿಳಿಯಾಗಿರಬೇಕು. ಗರಸು ಹಾಸಿದ ದಾರಿ ಅದಕ್ಕೂ ಆಯಿತು, ಕತೆಗೂ ಆಯಿತು. ಒಂದು ಕೋಲು ನೆಟ್ಟು ನೋಡಿದೆವು. ನೆರಳು ಕೋಲಿನ ಬುಡಕ್ಕೆ ಬಂದು ಸೇರಿದ್ದು ಗಡಿಯಾರದ ಹನ್ನೆರಡಕ್ಕಲ್ಲ, 12.20ರ ಹೊತ್ತಿಗೆ. ಭಾರತದ ಗಡಿಯಾರ ನಮಗಿಂತ ಪೂರ್ವದ ರೇಖೆಯೊಂದನ್ನು ನಂಬಿ ನಡೆಯುತ್ತದಲ್ಲ, ಆ ಅಂತರ. ಸೂರ್ಯ 4 ನಿಮಿಷಕ್ಕೆ ಒಂದು ಡಿಗ್ರಿ ಸರಿಯುತ್ತಾನೆ. ಅಷ್ಟಕ್ಕೇ ಐದಡಿ ಎತ್ತರದವರ ನೆರಳು ಒಂದಂಗುಲ ಹೊರಗೆ ಇಣುಕುತ್ತದೆ. ಹಾಗಾಗಿ ನಮಗಿದ್ದದ್ದು ಹೆಚ್ಚೆಂದರೆ ಹತ್ತು ನಿಮಿಷ. ಅವಳ ಮೈಗೆ ಅದಕ್ಕಿಂತ ಹೆಚ್ಚು ಬೇಡವೂ ಆಗಿತ್ತು. ಬೇವಿನ ಗಿಡದ ಕೆಳಗೆ ನೀರು, ಒದ್ದೆ ಟವೆಲ್, ಛತ್ರಿ ಇಟ್ಟೆವು. ಬರಿಗಾಲಲ್ಲಿ ನಿಲ್ಲುತ್ತೇನೆ ಎಂದವಳಿಗೆ ಬೇಡವೆಂದು ಹೇಳಿ ಆಯಿಯ ಹಳೆಯ ಚಪ್ಪಲಿ ಹಾಕಿಸಿದೆವು.

ಪೋರ್ಟ್ರೇಟು ಕಲಿಸುವವರೆಲ್ಲ ನಡುಹಗಲಿನ ಬೆಳಕನ್ನು ಬೈಯುತ್ತಾರೆ. ಹುಬ್ಬಿನ ಕೆಳಗೆ ಕಣ್ಣಿನ ಗುಳಿ ಕಪ್ಪಾಗುತ್ತದೆ, ಕೆನ್ನೆಯ ಮೂಳೆ ಎದ್ದು ಕಾಣುತ್ತದೆ, ಮುಖ ತಲೆಬುರುಡೆಯ ಹತ್ತಿರ ಬರುತ್ತದೆ ಎಂದು. ನಮಗೆ ಬೇಕಾದದ್ದೂ ಅದೇ. ಹಳೆಯ ಇಳಕಲ್ ಸೀರೆಯ ಕಚ್ಚೆ, ಬಾಚಿ ಕಟ್ಟಿದ ತಲೆ, ತಲೆಯ ಮೇಲೆ ಖಾಲಿ ಕಬ್ಬಿಣದ ಬುಟ್ಟಿ. ಎಫ್ 16, ಸೆಕೆಂಡಿನ 125ನೇ ಒಂದು ಭಾಗ. ಬುಟ್ಟಿಯ ಕೆಳಗೆ ಮುಖ ಪೂರ್ತಿ ಕತ್ತಲಾದೀತೆಂದು ಫ್ಲ್ಯಾಶ್ ತಂದಿದ್ದೆವು, ಬೇಕಾಗಲಿಲ್ಲ. ಚಿತ್ರದ ಅಂಚಿನಾಚೆ ನೆಲದ ಮೇಲೆ ಒಂದು ಬಿಳಿ ಧೋತರ ಹಾಸಿದಾಗ ಬಿಸಿಲು ನೆಲದಿಂದ ಎದ್ದು ಅವಳ ಗಲ್ಲದ ಕೆಳಗೆ ಬಿತ್ತು.

ಕೆಳಗಿನ ಬೆಳಕು ಹೀಗೆ ಮತ್ತೆ ಬಂತು. ಆಳಂದದಲ್ಲಿ ಅದಕ್ಕೆ ಕಾರಣವಿರಲಿಲ್ಲ. ಇಲ್ಲಿ ಅದು ಕಾದ ನೆಲದ ಬೆಳಕು, ಬಗ್ಗಿ ದುಡಿದವರ ಮುಖಕ್ಕೆ ದಿನವೂ ಬಡಿಯುವಂಥದು.

ಚಿತ್ರವನ್ನು ದೊಡ್ಡದು ಮಾಡಿ ನೋಡುವಾಗ ನಾವು ಯೋಚಿಸದೇ ಇದ್ದ ಒಂದು ಸಂಗತಿ ಕಂಡಿತು. ನೆಲದ ಮೇಲೆ ಅವಳ ಕಾಲ ಸುತ್ತ ಒಂದು ದುಂಡನೆಯ ನೆರಳು ಬಿದ್ದಿತ್ತು. ಅದು ಬುಟ್ಟಿಯದು. ಅವಳ ನೆರಳೆಲ್ಲ ಅದರೊಳಗೇ ಮುಳುಗಿಹೋಗಿತ್ತು. ಹೊರೆಗೆ ನೆರಳಿದೆ, ಹೊತ್ತವಳಿಗಿಲ್ಲ. ಮುಂದೆ ಖಾಲಿ ದಾರಿ, ಹಿಂದೆ ಬಿಳಿಚಿದ ಆಕಾಶ, ಅವಳು ನೆಟ್ಟಗೆ ನಮ್ಮನ್ನೇ ನೋಡುತ್ತಿದ್ದಾಳೆ. ನನಗೆ ಹೆದರಿಕೆಯಾಯಿತು. ಅವಳು ಏನಾದರೂ ಮಾಡಿಯಾಳೆಂದಲ್ಲ, ನಿನಗೆ ನನ್ನ ಹೆಸರು ಗೊತ್ತೇ ಎಂದು ಕೇಳಿಬಿಟ್ಟಾಳೆಂದು.

ಈ ಚಿತ್ರಕ್ಕೂ ದೋಷಗಳಿವೆ. ಕತೆ ಗೊತ್ತಿಲ್ಲದವರಿಗೆ ಇದು ಕೂಲಿಯ ಹೆಂಗಸಿನ ಚೆಂದದ ಫೋಟೋ ಅನ್ನಿಸಬಹುದು. ನೆರಳನ್ನು ಕಂಪ್ಯೂಟರಿನಲ್ಲಿ ಅಳಿಸಿದ್ದಾರೆ ಎಂದು ಇಬ್ಬರು ಈಗಾಗಲೇ ಹೇಳಿದ್ದಾರೆ. ಬರವೂ ಒಂದು ಶೈಲಿಯಾಗಿ, ಮುಂದಿನ ವರ್ಷ ಹತ್ತು ಜನ ಖಾಲಿ ಬುಟ್ಟಿ ಹೊರಿಸಿ ನಿಲ್ಲಿಸುವ ಅಪಾಯವೂ ಇದೆ. ಆಗ ಬುಟ್ಟಿಗೂ ಬಿಳಿ ಸೀರೆಗೂ ವ್ಯತ್ಯಾಸ ಉಳಿಯದು. ಮತ್ತು ನಾವು ಹತ್ತು ನಿಮಿಷಕ್ಕೆ ನೆರಳಿಗೆ ಓಡಿದೆವು, ಕತೆಯಲ್ಲಿದ್ದವಳಿಗೆ ಆ ಬೇವಿನ ಗಿಡ ಇರಲಿಲ್ಲ. ಚಿತ್ರದ ಶಕ್ತಿ ಎಷ್ಟಿದ್ದರೂ ಈ ಅಂತರವನ್ನು ಅದು ತುಂಬಿಕೊಡಲಾರದು.

ನಿಜವಾದ ವಿಮರ್ಶೆ ಬಂದದ್ದು ಆಮೇಲೆ. ಹುಡುಗಿ ಒಂದು ಪ್ರಿಂಟ್ ಹಾಕಿಸಿ ಆಯಿಗೆ ತೋರಿಸಿದಳು. ನಾವೆಲ್ಲ ಆಕೆ ಕಣ್ಣೀರು ಹಾಕುತ್ತಾಳೆಂದು ಕಾದಿದ್ದೆವೇನೋ. ಆಯಿ ಫೋಟೋವನ್ನು ದೂರ ಹಿಡಿದು, ಹತ್ತಿರ ಹಿಡಿದು ನೋಡಿದಳು.

‘ಸಿಂಬಿ ಎಲ್ಲ್ಯದ?’ ಎಂದಳು. ‘ಸಿಂಬಿ ಇಲ್ದ ಕಬ್ಬಿಣದ ಬುಟ್ಟಿ ಯಾರರ ಹೊರ್ತಾರೇನ? ಅಂಥಾ ಬಿಸ್ಲಾಗ ನೆತ್ತಿ ಸುಟ್ಟು ಹೋಗ್ತದ.’ ಮತ್ತೆ ಸ್ವಲ್ಪ ಹೊತ್ತು ಬಿಟ್ಟು, ‘ಆಕಿದು ಹಸ್ರು ಸಿಂಬಿ ಇತ್ತು. ಸೀರಿ ಹರದು ಮಾಡ್ಕೊಂಡಿದ್ಲು’ ಎಂದಳು.

ಐವತ್ತು ವರ್ಷಗಳ ಮೇಲೆ ಹೆಸರು ಉಳಿಯದ ಆ ಹೆಂಗಸಿನ ಬಗ್ಗೆ ನಮಗೆ ಸಿಕ್ಕ ಹೊಸ ಸಂಗತಿ ಇದೊಂದೇ. ಹುಡುಗಿ ಹಸಿರು ಸೀರೆಯ ತುಂಡೊಂದನ್ನು ಹುಡುಕಿ ಇಟ್ಟುಕೊಂಡಿದ್ದಾಳೆ. ಸೋದರಳಿಯ ಆಗಸ್ಟ್ ಮೊದಲ ವಾರಕ್ಕೆ ಗುರುತು ಹಾಕಿದ್ದಾನೆ. ಮೋಡ ಇರುತ್ತದೆ ಎಂದು ಗೊತ್ತು. ಹತ್ತು ನಿಮಿಷ ಬಿಟ್ಟರೆ ಸಾಕು.